ಅಂತರಜಾಲದ ಹೆಸರು ಯಾರ ಖಾತೆಯಲ್ಲಿದೆ?

ಅಂತರಜಾಲದಲ್ಲಿ ಒಂದು ಸಂಸ್ಥೆಗೋ ವ್ಯಕ್ತಿಗೋ ಸೇರಿದ ತಾಣವನ್ನು ಗುರುತಿಸುವ ವಿಳಾಸಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಅದನ್ನು ಮಾರುವ ಕಂಪನಿಗಳ ಜಾಹೀರಾತುಗಳು ‘ಕೊಳ್ಳಿರಿ’ ಎಂದೇ ಕರೆಯುತ್ತವಾದರೂ, ಹಣ ತೆತ್ತವರಿಗೆ ದೊರೆಯುವುದು ಒಂದು ವರ್ಷದಿಂದ ಹೆಚ್ಚೆಂದರೆ ಹತ್ತು ವರ್ಷಗಳವರೆಗೆ ಆ ಹೆಸರನ್ನು ತಾವೊಬ್ಬರೇ ಬಳಸುವ ಹಕ್ಕು ಮಾತ್ರ. ಅವಧಿ ಮುಗಿಯುವ ಮೊದಲು ಮತ್ತೆ ಶುಲ್ಕ ಕಟ್ಟಿದರೆ ಹಕ್ಕು ಮುಂದುವರಿಯುತ್ತದೆ, ಕಟ್ಟದಿದ್ದರೆ ಹೆಸರು ಮತ್ತೊಬ್ಬರ ಪಾಲಾಗಬಹುದು. ಈ ಹಕ್ಕಿಗೆ ಆಧಾರವಾಗಿ ಉಳಿಯುವುದು ಜಗತ್ತಿನ ಯಾವುದೋ ಮೂಲೆಯ ದತ್ತಾಂಶ ಕೋಶವೊಂದರಲ್ಲಿ ದಾಖಲಾದ ಒಂದು ನಮೂದು. ಜಮೀನಿನ ವ್ಯವಹಾರ ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ: ಉಳುವವನು ಯಾರೇ ಇರಲಿ, ದುಡ್ಡು ಕೊಟ್ಟವನು ಯಾರೇ ಇರಲಿ, ಕಚೇರಿಯವರು ಮೊದಲು ನೋಡುವುದು ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನೇ. ಡೊಮೈನ್ ಹೆಸರಿನ ಕುರಿತ ಹಲವು ತಕರಾರುಗಳು, ಅವು ಶಾಲೆಯೊಂದರ ತಾಣಕ್ಕೆ ಸಂಬಂಧಿಸಿರಲಿ ಅಥವಾ ಕೋಟ್ಯಂತರ ರೂಪಾಯಿ ವಹಿವಾಟಿನ ಕಂಪನಿಗೆ ಸಂಬಂಧಿಸಿರಲಿ, ಈ ನಮೂದನ್ನು ಯಾರೂ ಸಕಾಲದಲ್ಲಿ ತೆರೆದು ನೋಡದಿದ್ದುದರಿಂದಲೇ ಹುಟ್ಟಿಕೊಂಡಿವೆ.

ಈ ದಾಖಲೆ ಪದ್ಧತಿ ಬೆಳೆದು ಬಂದ ಬಗೆಯನ್ನು ತಿಳಿದರೆ ಇಂದಿನ ನಿಯಮಗಳಲ್ಲಿ ಹಲವು ತಾವಾಗಿಯೇ ಅರ್ಥವಾಗುತ್ತವೆ. ಜಾಲಕ್ಕೆ ಸೇರಿದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸಗಳೆಂಬ ಸಂಖ್ಯೆಗಳಿಂದ. ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟವಾದ್ದರಿಂದ ಅವುಗಳಿಗೆ ಹೆಸರಿಡುವ ರೂಢಿ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಕಾಲದಲ್ಲೇ ಬಂದಿತ್ತು. ಆಗ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ನೇತೃತ್ವದ ತಂಡ ಆ ಕಡತವನ್ನು ತಿದ್ದಿ ಇಡುತ್ತಿತ್ತು, ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಈ ಏರ್ಪಾಡು ಭಾರ ತಾಳದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡೊಮೈನ್ ಹೆಸರು ವ್ಯವಸ್ಥೆ, ಅಂದರೆ ಡಿಎನ್‌ಎಸ್, ಆ ಒಂದೇ ಕಡತವನ್ನು ಒಡೆದು, ಹೆಸರಿಡುವ ಅಧಿಕಾರವನ್ನು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಹಂಚಿತು. ಹೀಗಾಗಿ ಡೊಮೈನ್ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬಲ್ಲಿ ತುದಿಯ ‘ಇನ್’ ಭಾರತಕ್ಕೆ ಮೀಸಲಾದ ಉನ್ನತ ಹಂತದ ಡೊಮೈನ್, ಅದರೊಳಗಿನ ‘ಜಿಒವಿ’ ಸರ್ಕಾರಕ್ಕೆ ಮೀಸಲಾದ ಭಾಗ, ಅದರೊಳಗೆ ‘ಕರ್ನಾಟಕ’. ತನಗೆ ದೊರೆತ ಹೆಸರಿನ ಎಡಕ್ಕೆ ಮತ್ತಷ್ಟು ಹೆಸರುಗಳನ್ನು ಸೇರಿಸಿ ಉಪಡೊಮೈನ್‌ಗಳನ್ನು ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಹೆಚ್ಚಿನ ಶುಲ್ಕವೂ ಇಲ್ಲ. ಕನ್ನಡದ ಜ್ಞಾನಕೋಶ ‘ಕಣಜ’ ಮೊದಲು ‘ಕಣಜ ಡಾಟ್ ಇನ್’ ಎಂಬ ಸ್ವತಂತ್ರ ವಿಳಾಸದಲ್ಲಿದ್ದು, ಬಳಿಕ ರಾಜ್ಯ ಸರ್ಕಾರದ ವಿಳಾಸದಡಿ ಇಂಥದೊಂದು ಉಪಡೊಮೈನ್ ಆಯಿತು.

1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ತಯಾರಕ ಸಂಸ್ಥೆ ಮೊದಲ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿತು. ಮುಂದಿನ ಹತ್ತು ವರ್ಷ ಇಂಥ ಹೆಸರುಗಳು ಉಚಿತವಾಗಿಯೇ ಸಿಗುತ್ತಿದ್ದವು. 1995ರಲ್ಲಷ್ಟೇ, ನೋಂದಣಿಯ ಗುತ್ತಿಗೆ ಹಿಡಿದಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಗೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ವಸೂಲಿ ಮಾಡುವ ಅನುಮತಿ ದೊರೆಯಿತು. ಒಂದೇ ಕಂಪನಿಯ ಈ ಏಕಸ್ವಾಮ್ಯದ ಬಗ್ಗೆ ಎದ್ದ ಅಸಮಾಧಾನದ ಫಲವಾಗಿ 1998ರಲ್ಲಿ ಈ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿ, ಮರುವರ್ಷ ನೋಂದಣಿ ವ್ಯಾಪಾರದಲ್ಲಿ ಸ್ಪರ್ಧೆ ಬಂತು. ಇಂದಿನ ವ್ಯವಸ್ಥೆಯ ಮೂವರು ಪಾತ್ರಧಾರಿಗಳು ಆಗಲೇ ನೆಲೆಗೊಂಡರು. ಒಂದು ಉನ್ನತ ಹಂತದ ಡೊಮೈನಿನ ಸಮಗ್ರ ದಾಖಲೆಯನ್ನು ಕಾಯುವ ಸಂಸ್ಥೆ ರಿಜಿಸ್ಟ್ರಿ. ಡಾಟ್ ಕಾಮ್‌ಗೆ ಅದು ವೆರಿಸೈನ್. ರಿಜಿಸ್ಟ್ರಿಯಿಂದ ಸಗಟು ದರಕ್ಕೆ ಪಡೆದು ಸಾರ್ವಜನಿಕರಿಗೆ ಚಿಲ್ಲರೆಯಾಗಿ ಒದಗಿಸುವ, ಮಾನ್ಯತೆ ಪಡೆದ ಕಂಪನಿ ರಿಜಿಸ್ಟ್ರಾರ್. ಯಾರ ಹೆಸರಿನಲ್ಲಿ ನಮೂದಾಗುತ್ತದೋ ಅವರು ನೋಂದಣಿದಾರರು. ರಿಜಿಸ್ಟ್ರಾರನ ಕೆಳಗೆ ಮರುಮಾರಾಟಗಾರರೂ ಇರುತ್ತಾರೆ. ಊರಿನ ವೆಬ್‌ಸೈಟ್ ವಿನ್ಯಾಸಕಾರರಲ್ಲಿ ಹಲವರು ಈ ಕೊನೆಯ ವರ್ಗಕ್ಕೆ ಸೇರಿದವರಾದ್ದರಿಂದ, ಗ್ರಾಹಕನ ಮತ್ತು ನಿಜವಾದ ದಾಖಲೆಯ ನಡುವೆ ಅವನಿಗೇ ಗೊತ್ತಿಲ್ಲದ ಎರಡು ಮೂರು ಕೈಗಳಿರುವುದುಂಟು.

ಓದುಗರೊಬ್ಬರು ಬ್ರೌಸರಿನಲ್ಲಿ ವಿಳಾಸವನ್ನು ಬರೆದಾಗ ನಡೆಯುವ ಹುಡುಕಾಟವೂ ಇದೇ ಶ್ರೇಣಿಯನ್ನು ಅನುಸರಿಸುತ್ತದೆ. ಮೊದಲು ‘ಇನ್’ ಅಥವಾ ‘ಕಾಮ್’ನ ದಾಖಲೆ ಯಾರ ಬಳಿಯಿದೆ ಎಂದು ಮೂಲ ಸರ್ವರುಗಳನ್ನು ಕೇಳಲಾಗುತ್ತದೆ; ಇವು ಹದಿಮೂರು ಹೆಸರುಗಳಲ್ಲಿದ್ದರೂ ಅವುಗಳ ಪ್ರತಿರೂಪಗಳು ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ಇವೆ. ಅಲ್ಲಿಂದ ರಿಜಿಸ್ಟ್ರಿಯ ಸರ್ವರಿಗೆ, ಅಲ್ಲಿಂದ ಆ ಹೆಸರಿಗೆ ಗೊತ್ತುಮಾಡಿದ ನೇಮ್‌ಸರ್ವರಿಗೆ ಪ್ರಶ್ನೆ ದಾಟಿ, ಕೊನೆಗೆ ಸಂಖ್ಯಾ ವಿಳಾಸ ಸಿಗುತ್ತದೆ. ಕ್ಷಣಾರ್ಧದಲ್ಲಿ ಮುಗಿಯುವ ಈ ಕೆಲಸದಲ್ಲಿ ನೇಮ್‌ಸರ್ವರಿನ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮುಂದೆ ಹೇಳುವ ವರ್ಗಾವಣೆಯ ಗೊಂದಲಗಳಲ್ಲಿ ಹಲವು ಅಲ್ಲಿಂದಲೇ ಆರಂಭವಾಗುತ್ತವೆ.

ಭಾರತದ ‘ಇನ್’ 1989ರಲ್ಲಿ ಮೂಲ ದಾಖಲೆಗೆ ಸೇರಿತು. ಮುಂಬೈನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಅದನ್ನು ಬಹುಕಾಲ ನೋಡಿಕೊಂಡಿತು; ನಿಯಮಗಳು ಬಿಗಿಯಾಗಿದ್ದುದರಿಂದ 2004ರ ಕೊನೆಯವರೆಗೂ ಸುಮಾರು 7 ಸಾವಿರ ಹೆಸರುಗಳಷ್ಟೇ ನೋಂದಣಿಯಾಗಿದ್ದವು. 2003ರಲ್ಲಿ ಸ್ಥಾಪನೆಯಾದ ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರಕ್ಕೆ ಹೊಣೆ ದಾಟಿ, 2005ರಲ್ಲಿ ನೋಂದಣಿಯನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಚಿತ್ರ ಬದಲಾಯಿತು. ಈಗ ಅಂಥ ಹೆಸರುಗಳ ಸಂಖ್ಯೆ ಸುಮಾರು 40 ಲಕ್ಷ. ‘ಜಿಒವಿ’, ‘ಎಸಿ’, ‘ಎಂಐಎಲ್’ ಮೊದಲಾದ ಒಳವಿಭಾಗಗಳು ಕ್ರಮವಾಗಿ ಸರ್ಕಾರ, ಶಿಕ್ಷಣ ಸಂಸ್ಥೆಗಳು ಮತ್ತು ಸೇನೆಗೆ ಮೀಸಲಾಗಿದ್ದು, ಅವುಗಳನ್ನು ಹಣ ಕೊಟ್ಟ ಮಾತ್ರಕ್ಕೆ ಪಡೆಯಲಾಗದು. ಇದೇ ತತ್ವವನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೂ ಅನ್ವಯಿಸಿ, ‘ಬ್ಯಾಂಕ್ ಡಾಟ್ ಇನ್’ ಎಂಬ ಒಳವಿಭಾಗವನ್ನು ತೆರೆದು, ಅದೇ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬರಬೇಕೆಂದು ಆದೇಶಿಸಿತು. ಇಲ್ಲಿ ನೋಂದಣಿ ಮಾಡಿಕೊಡುವ ಏಕೈಕ ರಿಜಿಸ್ಟ್ರಾರ್ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿ. ಬ್ಯಾಂಕಿನ ಹೆಸರನ್ನೇ ಹೋಲುವ ವಿಳಾಸವನ್ನು ನೂರಿನ್ನೂರು ರೂಪಾಯಿಗೆ ನೋಂದಾಯಿಸಿ ಗ್ರಾಹಕರ ಗುಪ್ತಪದ ಕದಿಯುವವರ ಹಾವಳಿಗೆ ಇದು ತಡವಾಗಿ ಬಂದ, ಆದರೆ ಸರಿಯಾದ ಮದ್ದು.

ಹೊಸ ಹೆಸರು ಪಡೆಯುವವರು ಮೊದಲು ನೋಡಬೇಕಾದದ್ದು ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು. ಮೊದಲ ವರ್ಷಕ್ಕೆ ನಷ್ಟವನ್ನೇ ಉಂಡು ಗ್ರಾಹಕರನ್ನು ಸೆಳೆದು, ಎರಡನೆಯ ವರ್ಷದಿಂದ ಹಲವು ಪಟ್ಟು ವಸೂಲಿ ಮಾಡುವುದು ಈ ವ್ಯಾಪಾರದ ಸಾಮಾನ್ಯ ರೀತಿ. ಡಾಟ್ ಕಾಮ್ ಹೆಸರೊಂದರ ಸಗಟು ದರವೇ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 10.26 ಡಾಲರ್ ಇರುವಾಗ, ಅದನ್ನು ನೂರು ರೂಪಾಯಿಗೆ ಕೊಡುವವರು ಉಳಿದ ಹಣವನ್ನು ಎಲ್ಲಿಂದಲೋ ತೆಗೆಯಲೇಬೇಕು. ಎರಡನೆಯ ವಿಷಯ ಹೆಸರಿನ ಬಾಲ, ಅಂದರೆ ತುದಿಯಲ್ಲಿರುವ ಉನ್ನತ ಹಂತದ ಡೊಮೈನ್. ಎರಡಕ್ಷರದ ಬಾಲಗಳೆಲ್ಲ ದೇಶ ಅಥವಾ ಪ್ರಾಂತ್ಯಗಳಿಗೆ ಸೇರಿದವು, ಅವುಗಳ ಭವಿಷ್ಯ ಆ ನೆಲದ ರಾಜಕೀಯಕ್ಕೆ ಕಟ್ಟುಬಿದ್ದಿದೆ. ದೂರದರ್ಶನ ಕಂಪನಿಗಳು ಮೆಚ್ಚುವ ‘ಟಿವಿ’ ಪೆಸಿಫಿಕ್ ಸಾಗರದ ಪುಟ್ಟ ದೇಶ ಟುವಾಲುವಿನದು. ಅದರ ಗುತ್ತಿಗೆಯ ಹಣವೇ 2000ದಲ್ಲಿ ಆ ದೇಶ ವಿಶ್ವಸಂಸ್ಥೆಯನ್ನು ಸೇರಲು ನೆರವಾಯಿತು. ಕೃತಕ ಬುದ್ಧಿಮತ್ತೆಯ ಕಂಪನಿಗಳು ಮುಗಿಬಿದ್ದು ಪಡೆಯುತ್ತಿರುವ ‘ಎಐ’ ಕೆರಿಬಿಯನ್ ದ್ವೀಪ ಅಂಗ್ವಿಲ್ಲಾದ್ದು, ಅಲ್ಲಿನ ಸರ್ಕಾರಕ್ಕೆ 2023ರಲ್ಲಿ ಬಂದ ಆದಾಯದಲ್ಲಿ ಸುಮಾರು ಐದನೆಯ ಒಂದು ಭಾಗ ಈ ಎರಡಕ್ಷರದ್ದೇ. ಅದೃಷ್ಟ ಎಲ್ಲ ಬಾಲಗಳಿಗೂ ಹೀಗೆ ಒಲಿಯುವುದಿಲ್ಲ: ಯುಗೊಸ್ಲಾವಿಯಾ ಒಡೆದುಹೋದ ಬಳಿಕ ಅದರ ‘ವೈಯು’ 2010ರಲ್ಲಿ ಮೂಲ ದಾಖಲೆಯಿಂದಲೇ ಅಳಿಸಿಹೋಯಿತು, ಅದರಡಿಯಲ್ಲಿದ್ದವರು ಹೊಸ ವಿಳಾಸ ಹುಡುಕಿಕೊಳ್ಳಬೇಕಾಯಿತು.

ಕನ್ನಡ ಲಿಪಿಯಲ್ಲೇ ಡೊಮೈನ್ ಹೆಸರು ಪಡೆಯಲು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ, ಸಾಧ್ಯ ಎಂದೇ. 2014ರಲ್ಲಿ ದೇವನಾಗರಿಯಿಂದ ಶುರುವಾದ ‘ಭಾರತ’ ಬಾಲವು ಈಗ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಮಂಜೂರಾಗಿದ್ದು, ಅದರಲ್ಲಿ ಕನ್ನಡವೂ ಇದೆ. ಆದರೆ ಡಿಎನ್‌ಎಸ್ ಹುಟ್ಟಿದಾಗಿನಿಂದ ಅದಕ್ಕೆ ಗೊತ್ತಿರುವುದು ರೋಮನ್ ಅಕ್ಷರಗಳು, ಅಂಕಿಗಳು ಮತ್ತು ಒಂದು ಅಡ್ಡಗೆರೆ ಮಾತ್ರ. ಆ ಬುನಾದಿಯನ್ನು ಕದಲಿಸದೆ ಇತರ ಲಿಪಿಗಳನ್ನು ಒಳಗೆ ತರಲು ಪ್ಯೂನಿಕೋಡ್ ಎಂಬ ಸಂಕೇತನ ವಿಧಾನ 2003ರಲ್ಲಿ ಬಂತು. ಕನ್ನಡದಲ್ಲಿ ಬರೆದ ಹೆಸರನ್ನು ಬ್ರೌಸರ್ ತಾನೇ ‘ಎಕ್ಸ್‌ಎನ್’ ಎಂದು ತೊಡಗುವ, ಓದಿದರೆ ಏನೂ ಅರ್ಥವಾಗದ ರೋಮನ್ ಸರಣಿಯನ್ನಾಗಿ ಪರಿವರ್ತಿಸಿ ಕೇಳುತ್ತದೆ, ಬಳಕೆದಾರನ ಕಣ್ಣಿಗೆ ಮಾತ್ರ ಕನ್ನಡವನ್ನೇ ತೋರಿಸುತ್ತದೆ. ಒಂದು ಹೆಸರಿನ ತುಂಡಿಗೆ 63 ಸಂಕೇತಗಳ ಮಿತಿ ಇರುವುದು ಈ ಪರಿವರ್ತಿತ ರೂಪಕ್ಕೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ವ್ಯಂಜನ, ಎರಡು ಹಲಂತ ಚಿಹ್ನೆ, ಒಂದು ಸ್ವರಚಿಹ್ನೆ ಸೇರಿ ಆರು ಸಂಕೇತಗಳಾಗುವುದರಿಂದ, ಒತ್ತಕ್ಷರಗಳಿಂದ ತುಂಬಿದ ಸಂಘ-ಸಂಸ್ಥೆಗಳ ಉದ್ದದ ಹೆಸರುಗಳು ಈ ಮಿತಿಯನ್ನು ಬೇಗನೆ ಮುಟ್ಟುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಎರಡು ತೊಡಕುಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಕಂಪ್ಯೂಟರಿನ ದೃಷ್ಟಿಯಲ್ಲಿ ಬೇರೆಯೇ ಪದ. ಕಾಣದ ಸಂಕೇತವನ್ನು ಬಳಸಿಕೊಂಡು ಇನ್ನೊಬ್ಬರ ಹೆಸರನ್ನು ನಕಲು ಮಾಡುವ ಅಪಾಯವಿರುವುದರಿಂದ ಐಕ್ಯಾನ್‌ನ ಮೂಲ ವಲಯದ ನಿಯಮಗಳು ಅದನ್ನು ಒಪ್ಪುವುದಿಲ್ಲ. ಹೀಗಾಗಿ ಕನ್ನಡಿಗರು ದಿನವೂ ಬರೆಯುವ ಕೆಲವು ರೂಪಗಳೇ ಅಲ್ಲಿ ನಿಷಿದ್ಧವಾಗಿವೆ. ಎರಡನೆಯದು ಕನ್ನಡ ಮತ್ತು ತೆಲುಗು ಲಿಪಿಗಳ ಬಾಂಧವ್ಯ. ಗ, ರ, ಲ, ಬ ಮೊದಲಾದ ಅಕ್ಷರಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತವೆ, ಆದರೆ ಅವುಗಳ ಯೂನಿಕೋಡ್ ಸಂಖ್ಯೆಗಳು ಬೇರೆ. ಬ್ರಾಹ್ಮೀ ಮೂಲದ ಒಂಬತ್ತು ಲಿಪಿಗಳಿಗೆ ನಿಯಮ ರೂಪಿಸಿದ ತಜ್ಞರ ಮಂಡಳಿ ಇಂಥ ಜೋಡಿಗಳನ್ನು ಪರಸ್ಪರ ಪರ್ಯಾಯಗಳೆಂದು ಗುರುತಿಸಿದ್ದು, ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ ಇನ್ನೊಂದರಲ್ಲಿ ಅದರ ತದ್ರೂಪು ಬೇರೆಯವರಿಗೆ ಸಿಗದಂತೆ ತಡೆಯುತ್ತದೆ. ಶಾಸನತಜ್ಞರು ಹಳೆಯ ತೆಲುಗು-ಕನ್ನಡ ಲಿಪಿಯೆಂದು ಒಟ್ಟಾಗಿ ಕರೆಯುವ ಪರಂಪರೆ ಇಲ್ಲಿ ಭದ್ರತೆಯ ನಿಯಮವಾಗಿ ಮರಳಿ ಬಂದಿದೆ. ಇಷ್ಟೆಲ್ಲ ಸಿದ್ಧತೆಯ ನಂತರವೂ ಕನ್ನಡ ಲಿಪಿಯ ವಿಳಾಸಗಳು ಜನಬಳಕೆಗೆ ಬಂದಿಲ್ಲ; ಅಂಥ ಇಮೇಲ್ ವಿಳಾಸವನ್ನು ಬಹುತೇಕ ಅರ್ಜಿ ನಮೂನೆಗಳು ಇಂದಿಗೂ ‘ತಪ್ಪು’ ಎಂದು ತಿರಸ್ಕರಿಸುತ್ತವೆ. ತಾಣದ ಮುಖ್ಯ ಹೆಸರನ್ನು ರೋಮನ್‌ನಲ್ಲಿಟ್ಟು, ಕನ್ನಡದ ಹೆಸರು ಅದೇ ತಾಣಕ್ಕೆ ಕರೆದೊಯ್ಯುವಂತೆ ಮಾಡುವುದು ಸದ್ಯದ ಮಟ್ಟಿಗೆ ಜಾಣತನ.

ವರ್ಗಾವಣೆ ಎಂದಾಗ ಜನ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಭಾವಿಸುತ್ತಾರೆ. ತಾಣದ ಕಡತಗಳಿರುವ ಸರ್ವರನ್ನು ಬದಲಿಸುವುದು ಒಂದು. ಇದಕ್ಕೆ ಡೊಮೈನ್ ಹೆಸರನ್ನು ಎಲ್ಲಿಗೂ ಒಯ್ಯಬೇಕಿಲ್ಲ, ನೇಮ್‌ಸರ್ವರಿನ ವಿವರವನ್ನೋ ಅದರೊಳಗಿನ ಒಂದು ದಾಖಲೆಯನ್ನೋ ತಿದ್ದಿದರೆ ಸಾಕು. ಹೆಸರನ್ನು ಒಬ್ಬ ರಿಜಿಸ್ಟ್ರಾರನಿಂದ ಇನ್ನೊಬ್ಬನಲ್ಲಿಗೆ ಒಯ್ಯುವುದು ಎರಡನೆಯದು. ಇಲ್ಲಿ ನೋಂದಣಿದಾರರು ಬದಲಾಗುವುದಿಲ್ಲ. ನೋಂದಣಿದಾರರನ್ನೇ ಬದಲಿಸುವುದು ಮೂರನೆಯದು, ನಿಜವಾದ ಹಸ್ತಾಂತರ ಇದೇ. ಸೇವೆ ಚೆನ್ನಾಗಿಲ್ಲವೆಂದು ಬೇಸತ್ತವರು ಮೊದಲನೆಯದು ಸಾಕಾಗುವಲ್ಲಿ ಎರಡನೆಯದಕ್ಕೆ ಕೈಹಾಕಿ ವಾರಗಟ್ಟಲೆ ಒದ್ದಾಡುವುದು, ಹಣ ಕೊಟ್ಟು ಹೆಸರು ಕೊಂಡವರು ಎರಡನೆಯದಷ್ಟನ್ನೇ ಮಾಡಿಸಿಕೊಂಡು ಮೂರನೆಯದನ್ನು ಮರೆಯುವುದು, ಎರಡೂ ಸಾಮಾನ್ಯ.

ರಿಜಿಸ್ಟ್ರಾರನನ್ನು ಬದಲಿಸುವ ಕ್ರಮ ಡಾಟ್ ಕಾಮ್‌ನಂಥ ಸಾಮಾನ್ಯ ಬಾಲಗಳಿಗೆಲ್ಲ ಒಂದೇ. ಹೆಸರು ನೋಂದಣಿಯಾಗಿಯೋ ಹಿಂದಿನ ಬಾರಿ ವರ್ಗಾವಣೆಯಾಗಿಯೋ 60 ದಿನ ಕಳೆದಿರಬೇಕು. ಕಳ್ಳತನ ತಡೆಯಲೆಂದು ಹಾಕಿರುವ ವರ್ಗಾವಣೆ ಬೀಗವನ್ನು ಹಳೆಯ ರಿಜಿಸ್ಟ್ರಾರನ ಖಾತೆಯೊಳಗೆ ಹೋಗಿ ತೆಗೆಯಬೇಕು, ಅಲ್ಲಿಂದ ದೃಢೀಕರಣ ಸಂಕೇತವೊಂದನ್ನು ಪಡೆಯಬೇಕು. ಕೇಳಿದ ಐದು ದಿನಗಳೊಳಗೆ ಆ ಸಂಕೇತವನ್ನು ಕೊಡುವುದು ಹಳೆಯ ರಿಜಿಸ್ಟ್ರಾರನ ಕರ್ತವ್ಯ, ಉಪಕಾರವಲ್ಲ. ಸಂಕೇತವನ್ನು ಹೊಸ ರಿಜಿಸ್ಟ್ರಾರನಿಗೆ ಕೊಟ್ಟು ಒಂದು ವರ್ಷದ ಶುಲ್ಕ ಕಟ್ಟಿದರೆ, ಹಳೆಯವನು ಸಕಾರಣವಾಗಿ ಆಕ್ಷೇಪಿಸದಿದ್ದಲ್ಲಿ ಐದು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಕಟ್ಟಿದ ಹಣ ವ್ಯರ್ಥವಲ್ಲ, ಹೆಸರಿನ ಅವಧಿಗೆ ಒಂದು ವರ್ಷ ಸೇರುತ್ತದೆ. ನೋಂದಣಿದಾರರ ಹೆಸರನ್ನೂ ರಿಜಿಸ್ಟ್ರಾರನನ್ನೂ ಬದಲಿಸಬೇಕಿರುವವರು ರಿಜಿಸ್ಟ್ರಾರನನ್ನೇ ಮೊದಲು ಬದಲಿಸುವುದು ಲೇಸು, ಏಕೆಂದರೆ 2016ರ ಕೊನೆಯಿಂದ ನೋಂದಣಿದಾರರ ವಿವರ ತಿದ್ದಿದರೂ 60 ದಿನಗಳ ತಡೆ ಬೀಳುವ ನಿಯಮ ಜಾರಿಯಲ್ಲಿದೆ.

ಹೆಸರು ಸುರಕ್ಷಿತವಾಗಿ ತಲುಪಿದರೂ ತಾಣ ಮುಚ್ಚಿಹೋಗುವುದುಂಟು. ಹಳೆಯ ರಿಜಿಸ್ಟ್ರಾರನೇ ನೇಮ್‌ಸರ್ವರನ್ನೂ ಉಚಿತವಾಗಿ ಒದಗಿಸಿದ್ದರೆ, ವರ್ಗಾವಣೆಯ ನಂತರ ಅವನು ಅದನ್ನು ನಿಲ್ಲಿಸಬಹುದು. ಅದರೊಳಗಿದ್ದ ದಾಖಲೆಗಳಲ್ಲಿ ತಾಣದ ಸಂಖ್ಯಾ ವಿಳಾಸ ಹೇಳುವುದು ಒಂದಾದರೆ, ಬಂದ ಅಂಚೆಯನ್ನು ಯಾವ ಸರ್ವರಿಗೆ ಮುಟ್ಟಿಸಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಮತ್ತೊಂದು. ತಾಣ ಸರಿಯಾಗಿ ತೆರೆಯುತ್ತಿರುವುದನ್ನು ಕಂಡು ಸಮಾಧಾನಗೊಂಡವರು ಇಮೇಲ್ ಬರುವುದು ನಿಂತು ಎರಡು ದಿನವಾದ ಮೇಲೆ ಎಚ್ಚೆತ್ತುಕೊಳ್ಳುತ್ತಾರೆ. ಆದ್ದರಿಂದ ಎಲ್ಲ ದಾಖಲೆಗಳ ಪ್ರತಿಯನ್ನು ಮೊದಲೇ ತೆಗೆದಿಟ್ಟು, ಹೊಸ ನೇಮ್‌ಸರ್ವರಿನಲ್ಲಿ ಅವನ್ನು ಸಿದ್ಧಪಡಿಸಿ, ನಂತರವೇ ದಾಟಿಸಬೇಕು. ಪ್ರತಿ ದಾಖಲೆಯನ್ನೂ ಜಗತ್ತಿನ ಇತರ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಅವಧಿಯನ್ನು ಕೆಲವು ದಿನ ಮೊದಲೇ ತಗ್ಗಿಸಿಟ್ಟರೆ ಬದಲಾವಣೆ ಬೇಗ ಹರಡುತ್ತದೆ. ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಭದ್ರತೆಯನ್ನು ಬಳಸುತ್ತಿರುವವರು ಹಳೆಯ ಸಹಿಯ ಗುರುತನ್ನು ರಿಜಿಸ್ಟ್ರಿಯಿಂದ ತೆಗೆಸದೆ ನೇಮ್‌ಸರ್ವರ್ ಬದಲಿಸಿದರೆ, ಸಹಿ ತಾಳೆಯಾಗದೆ ಹೆಸರೇ ಕಾಣೆಯಾಗುತ್ತದೆ.

ವರ್ಗಾವಣೆಗೆ ಇಷ್ಟೊಂದು ಬೀಗ, ಸಂಕೇತ, ಕಾಯುವ ದಿನಗಳು ಏಕೆ ಎಂಬುದಕ್ಕೆ ಉತ್ತರ ‘ಸೆಕ್ಸ್ ಡಾಟ್ ಕಾಮ್’ ಪ್ರಕರಣದಲ್ಲಿದೆ. ಗ್ಯಾರಿ ಕ್ರೆಮೆನ್ ಎಂಬಾತ 1994ರಲ್ಲಿ ಉಚಿತವಾಗಿ ಪಡೆದಿದ್ದ ಈ ಹೆಸರನ್ನು ಮರುವರ್ಷ ಸ್ಟೀಫನ್ ಕೋಹೆನ್ ಎಂಬ ವಂಚಕ, ಕ್ರೆಮೆನ್‌ನನ್ನು ಕಂಪನಿಯಿಂದ ತೆಗೆದುಹಾಕಲಾಗಿದೆ ಎಂದು ಬರೆದ ಒಂದು ನಕಲಿ ಪತ್ರದ ಬಲದಿಂದ ತನ್ನದಾಗಿಸಿಕೊಂಡ. ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಕ್ರೆಮೆನ್‌ನನ್ನು ಒಂದು ಮಾತು ಕೇಳಲಿಲ್ಲ. ವ್ಯಾಜ್ಯ ಹೂಡಿ, ಕಳವಾದ ಐದು ವರ್ಷಗಳ ನಂತರ ಹೆಸರು ಮರಳಿತು, 65 ದಶಲಕ್ಷ ಡಾಲರ್ ಪರಿಹಾರದ ತೀರ್ಪೂ ಬಂತು, ಆದರೆ ಕೋಹೆನ್ ಅಷ್ಟರಲ್ಲಿ ಮೆಕ್ಸಿಕೊಗೆ ಪರಾರಿಯಾಗಿದ್ದ. 2003ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಡೊಮೈನ್ ಹೆಸರೂ ಒಂದು ಆಸ್ತಿಯೇ, ಅದನ್ನು ಅನ್ಯರಿಗೆ ಬಿಟ್ಟುಕೊಟ್ಟ ನೋಂದಣಿ ಕಂಪನಿಯನ್ನೂ ಹೊಣೆಯಾಗಿಸಬಹುದು ಎಂದು ಹೇಳಿತು. ಬಳಿಕದ ರಿಜಿಸ್ಟ್ರಾರುಗಳು ಗುರುತಿನ ಪುರಾವೆಗಾಗಿ ಪೀಡಿಸುತ್ತಾರೆಂದರೆ, ಅದರ ಹಿಂದೆ ಈ ತೀರ್ಪಿನ ಭಯವೂ ಇದೆ. ಇಂದು ಕಳ್ಳರಿಗೆ ನಕಲಿ ಪತ್ರ ಬೇಕಿಲ್ಲ. ಖಾತೆಗೆ ಜೋಡಿಸಿದ ಇಮೇಲ್ ಅವರ ಕೈಸೇರಿದರೆ ಉಳಿದದ್ದೆಲ್ಲ ಸುಲಭ. ಆ ಇಮೇಲಿಗೂ ರಿಜಿಸ್ಟ್ರಾರ್ ಖಾತೆಗೂ ಎರಡು ಹಂತದ ದೃಢೀಕರಣ ಇರಲೇಬೇಕು. ಆ ಇಮೇಲ್ ವಿಳಾಸ ಅದೇ ಡೊಮೈನಿನ ಮೇಲೆಯೇ ನಿಂತಿರಬಾರದು, ಏಕೆಂದರೆ ಹೆಸರು ನಿಂತ ದಿನ ಎಚ್ಚರಿಕೆಯ ಪತ್ರವೂ ತಲುಪುವುದಿಲ್ಲ.

ಈಗಾಗಲೇ ಇನ್ನೊಬ್ಬರ ಬಳಿಯಿರುವ ಹೆಸರನ್ನು ಕೊಳ್ಳುವ ಮಾರುಕಟ್ಟೆಯ ದರಕ್ಕೆ ತಲೆಬುಡವಿಲ್ಲ. 2019ರಲ್ಲಿ ‘ವಾಯ್ಸ್ ಡಾಟ್ ಕಾಮ್’ 30 ದಶಲಕ್ಷ ಡಾಲರಿಗೆ ಮಾರಾಟವಾಯಿತು. ಸಣ್ಣ ವ್ಯವಹಾರದಲ್ಲೂ ಹಣವನ್ನು ಮಾರುವವನ ಖಾತೆಗೆ ನೇರವಾಗಿ ಹಾಕದೆ, ಹೆಸರು ಕೈಸೇರಿದ ಮೇಲಷ್ಟೇ ಹಣ ಬಿಡುಗಡೆ ಮಾಡುವ ಮಧ್ಯಸ್ಥ ಠೇವಣಿ ಸೇವೆಯ ಮೂಲಕ ಕೊಡುವುದು ಕ್ಷೇಮ.

ನವೀಕರಣ ಮರೆಯುವುದು ದೊಡ್ಡವರಿಗೂ ತಪ್ಪಿದ್ದಲ್ಲ. 1999ರ ಕ್ರಿಸ್‌ಮಸ್ ಸಮಯದಲ್ಲಿ ಮೈಕ್ರೊಸಾಫ್ಟ್ ಕಂಪನಿ 35 ಡಾಲರ್ ಕಟ್ಟಲು ಮರೆತು ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರು ನಿಂತುಹೋಗಿ, ಅದನ್ನು ಅವಲಂಬಿಸಿದ್ದ ಹಾಟ್‌ಮೇಲ್ ಗ್ರಾಹಕರು ಒಳಪ್ರವೇಶಿಸಲಾಗದೆ ಪರದಾಡಿದರು. ಕೊನೆಗೆ ಆ ಹಣ ಕಟ್ಟಿದ್ದು ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಲಿನಕ್ಸ್ ತಂತ್ರಜ್ಞ, ತನ್ನ ಸ್ವಂತ ಕ್ರೆಡಿಟ್ ಕಾರ್ಡಿನಿಂದ. ಡಾಟ್ ಕಾಮ್ ಮಾದರಿಯ ಹೆಸರುಗಳಿಗೆ ಅವಧಿ ಮುಗಿದ ಬಳಿಕ ಹೆಚ್ಚೆಂದರೆ 45 ದಿನಗಳ ರಿಯಾಯಿತಿ ಕಾಲ ಇರಬಹುದು, ಆದರೆ ಅದೆಷ್ಟು ದಿನ ಎಂಬುದು ರಿಜಿಸ್ಟ್ರಾರನ ಮರ್ಜಿ. ನಂತರ 30 ದಿನಗಳ ಬಿಡುಗಡೆ ಅವಧಿಯಲ್ಲಿ ದಂಡ ಸಹಿತ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಕಳೆದರೆ ಐದು ದಿನಗಳ ಅಳಿಸುವಿಕೆಯ ಹಂತ ಬಂದು, ಆ ಹೊತ್ತಿಗೆ ಯಾರಿಂದಲೂ ಏನೂ ಮಾಡಲಾಗದು. ಹೆಸರು ಖಾಲಿಯಾದ ಕ್ಷಣದಲ್ಲೇ ಅದನ್ನು ಹಿಡಿಯಲು ಕಾದು ಕುಳಿತ ಕಂಪನಿಗಳಿವೆ. ಹಾಗೆ ಹಿಡಿದವರಿಗೆ ಹಳೆಯ ತಾಣದ ಒಳ್ಳೆಯ ಹೆಸರು ಬಂಡವಾಳವಾಗುವುದರಿಂದ ಶಾಲೆಯ, ಟ್ರಸ್ಟಿನ ಹಳೆಯ ವಿಳಾಸಗಳಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಆ ಹೆಸರಿಗೆ ಬರುವ ಇಮೇಲೆಲ್ಲ ಹೊಸಬರ ಪಾಲಾಗಿ, ಹಳೆಯ ಖಾತೆಗಳ ಗುಪ್ತಪದಗಳನ್ನು ಅವರು ಬದಲಿಸಿಕೊಳ್ಳಬಲ್ಲರು. ಇದರ ನಡುವೆ ನವೀಕರಣದ ಹೆಸರಿನಲ್ಲಿ ಬೇರೊಂದು ಕಂಪನಿ ಕಳಿಸುವ ನಕಲಿ ಬಿಲ್ಲುಗಳು, ಚೀನಾದ ಯಾರೋ ನಿಮ್ಮ ಹೆಸರನ್ನು ನೋಂದಾಯಿಸುತ್ತಿದ್ದಾರೆ ಎಂದು ಹೆದರಿಸುವ ಪತ್ರಗಳೂ ಬರುತ್ತಿರುತ್ತವೆ. ಸ್ವಂತ ರಿಜಿಸ್ಟ್ರಾರ್ ಯಾರೆಂದು ಬಲ್ಲವರು ಅವನ್ನು ಓದದೆ ಅಳಿಸಬಹುದು.

ಹೆಸರಿನ ಮೇಲೆ ಇಬ್ಬರ ಹಕ್ಕು ಸಾಧನೆ ಎದುರಾದಾಗ ಭಾರತದಲ್ಲಿ ದಾರಿ ತೋರಿದ ಪ್ರಕರಣ ಬೆಂಗಳೂರಿನಲ್ಲೇ ಶುರುವಾಯಿತು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ಟಂಕಿಸಿದ ‘ಸಿಫಿ’ ಪದವನ್ನು ಬಳಸಿ 1999ರಲ್ಲಿ ಹಲವು ಡೊಮೈನ್ ಹೆಸರುಗಳನ್ನು ಪಡೆದಿತ್ತು. 2001ರಿಂದ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಮತ್ತೊಂದು ಕಂಪನಿ, ಒಂದು ‘ಎಫ್’ ಹೆಚ್ಚಾಗಿ ಸೇರಿಸಿದ ಹೆಸರುಗಳನ್ನು ಬಳಸತೊಡಗಿತು. ತನ್ನ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ಕಟ್ಟಿದ್ದೆಂದು ಅದರ ಸಮರ್ಥನೆ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಸತ್ಯಂ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ರುಮಾ ಪಾಲ್ ಬರೆದ ತೀರ್ಪಿನಲ್ಲಿ, ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ಭಾರತದಲ್ಲಿ ಡೊಮೈನ್ ಹೆಸರಿಗಾಗಿಯೇ ರಚಿಸಿದ ಕಾನೂನು ಇಲ್ಲದಿದ್ದರೂ, ಗ್ರಾಹಕರ ಮನಸ್ಸಿನಲ್ಲಿ ಅದು ವ್ಯಾಪಾರದ ಗುರುತಾಗಿ ಕೆಲಸ ಮಾಡುವುದರಿಂದ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ಟ್ರೇಡ್‌ಮಾರ್ಕ್ ತತ್ವ ಇದಕ್ಕೂ ಅನ್ವಯಿಸುತ್ತದೆ ಎಂಬುದು ಅದರ ಸಾರ. ಮೊದಲು ಬಂದವರಿಗೆ ಮೊದಲು ಎಂಬುದು ನೋಂದಣಿಯ ನಿಯಮವೇ ಹೊರತು ಹಕ್ಕಿನ ಕೊನೆಯ ಮಾತಲ್ಲವೆಂಬುದು ಆಗ ಖಚಿತವಾಯಿತು.

ನ್ಯಾಯಾಲಯಕ್ಕೆ ಹೋಗದೆಯೂ ಇಂಥ ತಕರಾರು ಬಗೆಹರಿಯುವ ವ್ಯವಸ್ಥೆ ಇದೆ. ಡಾಟ್ ಕಾಮ್ ಮೊದಲಾದವುಗಳಿಗೆ ಐಕ್ಯಾನ್ 1999ರಲ್ಲಿ ರೂಪಿಸಿದ ವಿವಾದ ಪರಿಹಾರ ನೀತಿ, ಡಾಟ್ ಇನ್‌ಗೆ ನಿಕ್ಸಿಯದೇ ನೀತಿ ಅನ್ವಯಿಸುತ್ತವೆ. ಹೆಸರು ತನ್ನ ಗುರುತನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯಸಮ್ಮತ ಆಸಕ್ತಿಯಿಲ್ಲ, ಅವನ ಉದ್ದೇಶ ಕೆಟ್ಟದು ಎಂಬ ಮೂರನ್ನೂ ದೂರುದಾರ ಸಾಬೀತುಪಡಿಸಬೇಕು. ಐಕ್ಯಾನ್ ನೀತಿಯಲ್ಲಿ ನೋಂದಣಿ ಮತ್ತು ಬಳಕೆ ಎರಡೂ ದುರುದ್ದೇಶದ್ದಾಗಿರಬೇಕು, ಡಾಟ್ ಇನ್‌ನಲ್ಲಿ ಎರಡರಲ್ಲಿ ಒಂದನ್ನು ತೋರಿಸಿದರೂ ಸಾಕು. ಗೆದ್ದವರಿಗೆ ಹೆಸರು ಸಿಗುತ್ತದೆ ಅಥವಾ ಅದು ರದ್ದಾಗುತ್ತದೆ. ಹಣದ ಪರಿಹಾರ ಐಕ್ಯಾನ್ ನೀತಿಯಲ್ಲಿ ಇಲ್ಲ.

ದಿನನಿತ್ಯದ ನಿರ್ವಹಣೆಯಲ್ಲಿ ಹೆಚ್ಚು ತೊಂದರೆಗೆ ಸಿಲುಕುವುದು ವ್ಯಾಪಾರಿಗಳಿಗಿಂತ ಸಂಘ-ಸಂಸ್ಥೆಗಳೇ. ಸಾಹಿತ್ಯ ಸಂಘ, ಗ್ರಾಮದ ಶಾಲೆ, ಹೊರದೇಶದ ಕನ್ನಡ ಕೂಟ, ಎಲ್ಲಿಯೇ ಆಗಲಿ, ಉತ್ಸಾಹಿಯಾದ ಒಬ್ಬ ಸದಸ್ಯ ತನ್ನ ಸ್ವಂತ ಹೆಸರು, ಸ್ವಂತ ಇಮೇಲ್, ಸ್ವಂತ ಕಾರ್ಡಿನಿಂದ ಡೊಮೈನ್ ಪಡೆದಿರುತ್ತಾನೆ. ಆ ಹೊತ್ತಿಗೆ ಅದು ಸಂಘದ ಕೆಲಸವೇ ಸರಿ, ಆದರೆ ದಾಖಲೆಯ ಪ್ರಕಾರ ನೋಂದಣಿದಾರ ಅವನೇ. ಪದಾಧಿಕಾರಿಗಳು ಬದಲಾಗುತ್ತಾರೆ, ಕಾರ್ಡಿನ ಅವಧಿ ಮುಗಿಯುತ್ತದೆ, ಸ್ವಯಂಚಾಲಿತ ನವೀಕರಣ ಸದ್ದಿಲ್ಲದೆ ವಿಫಲವಾಗುತ್ತದೆ. ಸಂಪರ್ಕದ ಇಮೇಲನ್ನು ದೃಢೀಕರಿಸಿ ಎಂದು ರಿಜಿಸ್ಟ್ರಾರ್ ಕಳಿಸಿದ ಪತ್ರಕ್ಕೆ 15 ದಿನ ಉತ್ತರವಿಲ್ಲದಿದ್ದರೂ ಹೆಸರನ್ನು ಅಮಾನತಿನಲ್ಲಿಡಬಹುದು. 2018ರಲ್ಲಿ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಬಂದ ಮೇಲೆ ನೋಂದಣಿದಾರರ ವಿವರಗಳನ್ನು ಸಾರ್ವಜನಿಕವಾಗಿ ತೋರಿಸುವುದು ಬಹುಮಟ್ಟಿಗೆ ನಿಂತಿರುವುದರಿಂದ, ಹೆಸರು ಯಾರ ಖಾತೆಯಲ್ಲಿದೆ ಎಂಬುದನ್ನು ಹೊರಗಿನಿಂದ ಕಂಡುಹಿಡಿಯುವುದೂ ಈಗ ಸುಲಭವಲ್ಲ. ನೋಂದಣಿದಾರರ ಕಾಲಂನಲ್ಲಿ ಸಂಸ್ಥೆಯ ಹೆಸರನ್ನೇ ಬರೆಸಿ, ಪದವಿಗೆ ಸೇರಿದ ಇಮೇಲನ್ನು ಕೊಟ್ಟು, ರಿಜಿಸ್ಟ್ರಾರ್ ಖಾತೆಯ ವಿವರವನ್ನು ಅಧಿಕಾರ ಹಸ್ತಾಂತರದ ಪಟ್ಟಿಗೆ ಸೇರಿಸಿದರೆ, ಹೊಸ ಕಾರ್ಯದರ್ಶಿ ಬಂದಾಗ ಒಂದು ಗುಪ್ತಪದ ಬದಲಿಸುವುದರಲ್ಲಿ ಕೆಲಸ ಮುಗಿಯುತ್ತದೆ. ವ್ಯಕ್ತಿಯ ಹೆಸರಿನಲ್ಲಿದ್ದು ಆತ ತೀರಿಕೊಂಡಿದ್ದರೆ, ರಿಜಿಸ್ಟ್ರಾರ್ ಮರಣ ಪ್ರಮಾಣಪತ್ರವನ್ನೂ ವಾರಸುದಾರಿಕೆಯ ದಾಖಲೆಯನ್ನೂ ಕೇಳುತ್ತಾನೆ. ಆ ಕಾಗದಗಳು ಸಂಘದ ಕೈಯಲ್ಲಿರುವುದಿಲ್ಲ, ಮೃತರ ಮನೆಯವರಲ್ಲಿರುತ್ತವೆ. ಅವರಿಗೆ ಬಹುಶಃ ಡೊಮೈನ್ ಹೆಸರೊಂದು ಇತ್ತೆಂಬುದೇ ತಿಳಿದಿರುವುದಿಲ್ಲ.